ಗ್ರ್ಯಾಂಡ್‌ಮಾಸ್ಟರ್ ಆಟವನ್ನು ಬಿಡಿಸಿ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚೆಸ್ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸುಲಭದಿಂದ ಕಠಿಣದ ಕಡೆಗೆ ಜೋಡಿಸಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಒಂದೇ ಆಟವನ್ನು ಹಿಡಿದುಕೊಂಡಿದ್ದೇನೆ: 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ಬಿಳಿ ಕಾಯಿಗಳಲ್ಲಿ ಆಡಿದ ಕಾಪಬ್ಲಾಂಕಾ, ಟಾರ್ಟಕೋವರ್ ಅವರನ್ನು 52 ನಡೆಗಳಲ್ಲಿ ಸೋಲಿಸಿದ ಆಟ. ಆಟದ ನಡೆಗಳು ಎಲ್ಲ ದೊಡ್ಡ ಚೆಸ್ ಸಂಗ್ರಹಗಳಲ್ಲಿಯೂ ಸಿಗುತ್ತವೆ. ಅವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

## ಈಗಷ್ಟೇ ಶುರು ಮಾಡುವವರಿಗೆ

ನನಗೆ ಕಾಯಿ ನಡೆಸುವುದು ಮಾತ್ರ ಗೊತ್ತು. ಗ್ರ್ಯಾಂಡ್‌ಮಾಸ್ಟರ್ ಆಟ ನೋಡಿದರೆ ತಲೆಗೆ ಏನಾದರೂ ಹತ್ತುತ್ತದೆಯೇ?

ಹತ್ತುತ್ತದೆ. ಆದರೆ ಮೊದಲ ಸಲವೇ ಎಲ್ಲವನ್ನೂ ಅರ್ಥ ಮಾಡಿಕೊಳ್ಳಲು ಹೊರಟರೆ ಏನೂ ಹತ್ತುವುದಿಲ್ಲ. ಒಂದೇ ಒಂದು ಕಾಯಿಯನ್ನು ಆರಿಸಿಕೊಂಡು ಅದರ ಬೆನ್ನು ಹತ್ತಿ.

ಟಾರ್ಟಕೋವರ್ ಅವರ ರಾಣಿ ಪಕ್ಕದ ಕುದುರೆಯನ್ನು ತೆಗೆದುಕೊಳ್ಳಿ. 13ನೇ ನಡೆಯಲ್ಲಿ ಅದು ಬಿ8ರಿಂದ ಸಿ6ಗೆ ಬರುತ್ತದೆ (ಮನೆಗಳ ಈ ಹೆಸರುಗಳ ವಿವರ ಸ್ವಲ್ಪ ಕೆಳಗಿದೆ), 16ನೇ ನಡೆಯಲ್ಲಿ ಬೋರ್ಡಿನ ಅಂಚಿಗೆ, ಎ5ಗೆ ಹೋಗಿ ಕೂರುತ್ತದೆ. ಮುಂದೆ ಅದು ಮತ್ತೆ ಕದಲುವುದು 31ನೇ ನಡೆಯಲ್ಲಿ. ಅಷ್ಟರಲ್ಲಿ ರಾಣಿಗಳು ಹೋಗಿರುತ್ತವೆ, ಬಿಳಿಯ ಆನೆ ಎಚ್7ಕ್ಕೆ ನುಗ್ಗಿರುತ್ತದೆ. ಕುದುರೆ ಸಿ4, ಇ3, ಎಫ್5 ಎಂದು ಒಂದೇ ಉಸಿರಿನಲ್ಲಿ ಓಡಿಬಂದರೂ ಎಫ್5ರಲ್ಲಿ ಬಿಳಿಯ ಒಂಟೆ ಅದನ್ನು ಹೊಡೆದುಹಾಕುತ್ತದೆ. ಈ ಒಂದು ಕುದುರೆಯ ಪ್ರಯಾಣವನ್ನು ಗಮನಿಸಿದವರಿಗೆ ಅರ್ಧ ಆಟ ಅರ್ಥವಾದಂತೆಯೇ. ಅದಕ್ಕೆ ಯಾವ ಸಿದ್ಧಾಂತವೂ ಬೇಕಾಗಿಲ್ಲ.

ಹಳೆಯ ಆಟವೇ ಏಕೆ? ಈಗಿನ ಕಾರ್ಲ್‌ಸನ್, ಗುಕೇಶ್ ಆಟಗಳಿಂದ ಶುರು ಮಾಡಬಾರದೇ?

ಮಾಡಬಾರದೆಂದೇನೂ ಇಲ್ಲ, ಕಷ್ಟವಾಗುತ್ತದೆ ಅಷ್ಟೆ. ಇಂದಿನ ಅಗ್ರ ಆಟಗಾರರು ಎದುರಾಳಿಯ ಯೋಜನೆಯನ್ನು ಅದು ಬೋರ್ಡಿನ ಮೇಲೆ ಕಾಣಿಸುವ ಮೊದಲೇ ಕತ್ತರಿಸುತ್ತಾರೆ. ನಡೆಯದೇ ಹೋದ ಯೋಜನೆಗಳು ಹೊಸಬರ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಆಟ ಅರ್ಥವಿಲ್ಲದ ಅಲೆದಾಟದಂತೆ ತೋರುತ್ತದೆ. ನೂರು ವರ್ಷ ಹಿಂದಿನ ಆಟಗಳಲ್ಲಿ ಯೋಜನೆ ಕೊನೆಯವರೆಗೂ ನಡೆಯುತ್ತಿತ್ತು. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕಾಪಬ್ಲಾಂಕಾ ಅವರ ಆಟಗಳು ಇನ್ನೂ ತಿಳಿ.

ಅಂದಹಾಗೆ, ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ ಅಧಿಕೃತವಾಗಿ ಕೊಡಲು ಆರಂಭಿಸಿದ್ದು 1950ರಲ್ಲಿ. ಕಾಪಬ್ಲಾಂಕಾ 1942ರಲ್ಲೇ ತೀರಿಕೊಂಡಿದ್ದರು. ಅವರ ಕೈಯಲ್ಲಿ ಸೋತ ಟಾರ್ಟಕೋವರ್ ಹೆಸರು ಮಾತ್ರ ಆ ಮೊದಲ ಪಟ್ಟಿಯಲ್ಲಿತ್ತು!

ಬೋರ್ಡ್ ಬೇಕೇ ಬೇಕೇ? ಮೊಬೈಲ್‌ನಲ್ಲಿ ನೋಡಿದರೆ ಸಾಲದೇ?

ಸಾಲುತ್ತದೆ, ಬೆರಳು ಹಿಡಿತದಲ್ಲಿದ್ದರೆ. ಮೊಬೈಲ್‌ನಲ್ಲಿ ಮುಂದಿನ ನಡೆಯ ಗುಂಡಿ ಒತ್ತುವುದು ಎಷ್ಟು ಸುಲಭವೆಂದರೆ ಎರಡು ನಿಮಿಷದಲ್ಲಿ ಆಟ ಮುಗಿದಿರುತ್ತದೆ, ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಬೋರ್ಡಿನ ಮೇಲೆ ಕೈಯಿಂದ ಕಾಯಿ ಸರಿಸುವಾಗ ಆಗುವ ತಡವೇ ಅದರ ಲಾಭ.

ಒಂದು ಆಟಕ್ಕೆ ಎಷ್ಟು ಹೊತ್ತು ಕೊಡಬೇಕು?

ಮೊದಲು ಹತ್ತು ನಿಮಿಷದಲ್ಲಿ ಒಮ್ಮೆ ಓಡಿಸಿ ನೋಡಿ, ಕಥೆ ಎತ್ತ ಸಾಗುತ್ತದೆ ಎಂದು ತಿಳಿಯುವಷ್ಟಕ್ಕೆ. ಆಮೇಲೆ ಒಂದೆರಡು ಗಂಟೆ ಕುಳಿತು ನಿಧಾನವಾಗಿ. ತಿಂಗಳಿಗೆ ನಾಲ್ಕು ಆಟಗಳನ್ನು ಹೀಗೆ ನೋಡುವುದು ದಿನಕ್ಕೆ ನಾಲ್ಕನ್ನು ಓಡಿಸಿ ಬಿಡುವುದಕ್ಕಿಂತ ಮೇಲು.

ನಡೆಗಳನ್ನು ಬರೆದಿರುವ ಭಾಷೆಯೇ ಗೊತ್ತಾಗುವುದಿಲ್ಲ. ಆಶ್ಚರ್ಯ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ ಯಾಕೆ ಹಾಕುತ್ತಾರೆ?

ಪ್ರತಿ ಮನೆಗೆ ಎ ಯಿಂದ ಎಚ್‌ವರೆಗಿನ ಒಂದು ಅಕ್ಷರ, 1ರಿಂದ 8ರವರೆಗಿನ ಒಂದು ಅಂಕಿ. ಕಾಯಿಗಳಿಗೆ ಇಂಗ್ಲಿಷ್ ಹೆಸರಿನ ಮೊದಲಕ್ಷರ: ಕೆ ರಾಜ, ಕ್ಯೂ ರಾಣಿ, ಆರ್ ಆನೆ, ಬಿ ಒಂಟೆ. ಕೆ ಅಕ್ಷರ ರಾಜನ ಪಾಲಾದ್ದರಿಂದ ಕುದುರೆಗೆ ಎನ್. ಕಾಲಾಳಿಗೆ ಅಕ್ಷರವೇ ಇಲ್ಲ, ಮನೆಯ ಹೆಸರು ಮಾತ್ರ.

ಆಶ್ಚರ್ಯ ಚಿಹ್ನೆ ಒಳ್ಳೆಯ ನಡೆಗೆ, ಪ್ರಶ್ನಾರ್ಥಕ ತಪ್ಪಿಗೆ, ಎರಡು ಪ್ರಶ್ನಾರ್ಥಕ ಬಿದ್ದರೆ ಮಹಾ ಪ್ರಮಾದ. ಇವು ಟಿಪ್ಪಣಿಕಾರರ ಅಭಿಪ್ರಾಯ ಮಾತ್ರ. ನನ್ನ ಸಲಹೆ ಕೇಳಿದರೆ, ಮೊದಲ ಓದಿಗೆ ಚಿಹ್ನೆಗಳಿಲ್ಲದ ಪ್ರತಿಯನ್ನೇ ಇಟ್ಟುಕೊಳ್ಳಿ. ಎಲ್ಲಿ ಬೆರಗಾಗಬೇಕು ಎಂಬುದನ್ನು ಬೇರೆಯವರು ಮೊದಲೇ ಹೇಳಿಬಿಟ್ಟರೆ ನೀವು ಹುಡುಕುವುದೇ ಇಲ್ಲ.

## ಓಪನಿಂಗ್

ಮೊದಲ ಹತ್ತು ಹದಿನೈದು ನಡೆ ಬಾಯಿಪಾಠ ತಾನೇ? ಹಾರಿಸಿ ಮುಂದೆ ಹೋಗಬಹುದೇ?

ಹಾರಿಸಬೇಡಿ, ಹಾಗೆಂದು ಅಲ್ಲೇ ಮುಳುಗಲೂ ಬೇಡಿ. ಓಪನಿಂಗ್‌ನ ಹೆಸರು, ಉಪಶಾಖೆ, ಯಾರು ಮೊದಲು ಆಡಿದರು ಎಂಬ ಚರಿತ್ರೆಯೆಲ್ಲ ಆಮೇಲೆ ಆಗಲಿ. ಮೊದಲು ನೋಡಬೇಕಾದದ್ದು ಓಪನಿಂಗ್ ಮುಗಿದಾಗ ಕಾಲಾಳುಗಳು ಯಾವ ಆಕಾರದಲ್ಲಿ ನಿಂತಿವೆ ಎಂಬುದನ್ನು. ಕುದುರೆ, ಒಂಟೆಗಳು ತಪ್ಪು ಮನೆಗೆ ಹೋದರೆ ಹಿಂದೆ ಬರಬಹುದು. ಕಾಲಾಳು ಹಿಂದೆ ಬರುವುದಿಲ್ಲ, ಆದ್ದರಿಂದ ಅದು ಬಿಟ್ಟುಹೋದ ದುರ್ಬಲ ಮನೆ ಕೊನೆಯವರೆಗೂ ದುರ್ಬಲವಾಗಿಯೇ ಇರುತ್ತದೆ.

ಕಾಪಬ್ಲಾಂಕಾ–ಟಾರ್ಟಕೋವರ್ ಆಟದ್ದು ಡಚ್ ಡಿಫೆನ್ಸ್ ಎಂಬ ಓಪನಿಂಗ್. 9ನೇ ನಡೆಯಲ್ಲಿ ಕಪ್ಪು ಕುದುರೆ ಇ4ಗೆ ಹಾರುತ್ತದೆ, ಮುಂದಿನ ಎರಡು ನಡೆಗಳಲ್ಲಿ ಒಂಟೆಗಳೂ ಕುದುರೆಗಳೂ ಒಂದಕ್ಕೊಂದು ಬದಲಾಗುತ್ತವೆ. ಅದರ ಫಲವಾಗಿ ಬಿಳಿಯ ಬಿ ಕಾಲಾಳು ಸಿ3ಗೆ ಸರಿದು, ಸಿ ಸಾಲಿನಲ್ಲಿ ಎರಡು ಬಿಳಿ ಕಾಲಾಳುಗಳು ಒಂದರ ಹಿಂದೊಂದು ನಿಲ್ಲುತ್ತವೆ. ಎ ಕಾಲಾಳು ಒಂಟಿಯಾಗುತ್ತದೆ. ಪಾಠದ ಪ್ರಕಾರ ಇದು ಬಿಳಿಯ ದೌರ್ಬಲ್ಯ. ಬದಲಿಗೆ ಬಿಳಿಗೆ ಸಿಕ್ಕಿದ್ದು ಅರ್ಧ ತೆರೆದ (ತನ್ನ ಕಾಲಾಳು ಇಲ್ಲದ) ಬಿ ಸಾಲು ಮತ್ತು ಗಟ್ಟಿಯಾದ ನಡುಭಾಗ. ಹೀಗೆ ಕೊಟ್ಟದ್ದೇನು, ಪಡೆದದ್ದೇನು ಎಂದು ಎರಡು ಸಾಲು ಬರೆದಿಟ್ಟುಕೊಂಡರೆ ಓಪನಿಂಗ್‌ನ ಕೆಲಸ ಮುಗಿಯಿತು.

ಆಟಗಾರ ಪಾಠ ಬಿಟ್ಟು ಸ್ವಂತ ತಲೆಯಿಂದ ಆಡಲು ಶುರು ಮಾಡಿದ್ದು ಎಲ್ಲಿಂದ ಎಂದು ಹೇಗೆ ತಿಳಿಯುತ್ತದೆ?

ಆಟಗಳ ಡೇಟಾಬೇಸ್‌ನಲ್ಲಿ ನಡೆಗಳನ್ನು ಒಂದೊಂದಾಗಿ ಕೊಡುತ್ತಾ ಹೋಗಿ. ಅದೇ ಸ್ಥಿತಿಯಿಂದ ಬಂದ ಹಿಂದಿನ ಆಟಗಳ ಸಂಖ್ಯೆ ಇಳಿಯುತ್ತಾ ಒಂದು ಕಡೆ ಸೊನ್ನೆಯಾಗುತ್ತದೆ. ಹೊಸ ನಡೆ ಅದೇ. ಆದರೆ ಈ ಕಾಲದ ಆಟಗಳಲ್ಲಿ ಹೊಸ ನಡೆಯೂ ಮನೆಯಲ್ಲಿ ತಯಾರಾದದ್ದೇ ಇರಬಹುದು. ಗಡಿಯಾರದ ವಿವರ ಸಿಕ್ಕರೆ ಅದನ್ನು ನೋಡಿ: ಪಟಪಟನೆ ಆಡುತ್ತಿದ್ದವರು ಒಮ್ಮೆಲೇ ಇಪ್ಪತ್ತು ನಿಮಿಷ ತೆಗೆದುಕೊಂಡರೆ ತಯಾರಿ ಅಲ್ಲಿಗೆ ಮುಗಿದಿದೆ ಎಂದೇ ಲೆಕ್ಕ.

## ಮಧ್ಯದಾಟ

ಕೆಲವು ನಡೆಗಳು ಸುಮ್ಮನೆ ಏನನ್ನೋ ಸರಿಸಿದಂತೆ ಕಾಣುತ್ತವೆ. ಅವುಗಳ ಉದ್ದೇಶ ಪತ್ತೆ ಮಾಡುವುದು ಹೇಗೆ?

ಎದುರಾಳಿ ಆಡಲೇ ಇಲ್ಲ ಎಂದುಕೊಳ್ಳಿ. ಅದೇ ಬಣ್ಣಕ್ಕೆ ಮತ್ತೊಂದು ನಡೆ ಸಿಕ್ಕರೆ ಏನು ಮಾಡುತ್ತದೆ? ಅದು ಹೊಳೆಯದಿದ್ದರೆ ಪ್ರಶ್ನೆಯನ್ನು ತಿರುಗಿಸಿ: ಈ ನಡೆ ಆಡದಿದ್ದರೆ ಎದುರಾಳಿ ಏನು ಮಾಡುತ್ತಿದ್ದ? ಗ್ರ್ಯಾಂಡ್‌ಮಾಸ್ಟರ್‌ಗಳ ಸಪ್ಪೆ ನಡೆಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿಯವು. ಅವು ಇನ್ನೂ ಯಾರೂ ಬಾಯಿಬಿಟ್ಟು ಕೇಳಿರದ ಪ್ರಶ್ನೆಗೆ ಕೊಟ್ಟ ಉತ್ತರಗಳು. ಆ ಪ್ರಶ್ನೆಯನ್ನು ಹುಡುಕುವುದೇ ವಿಶ್ಲೇಷಣೆ. ಉತ್ತರ ಹೇಗಿದ್ದರೂ ಕಣ್ಣ ಮುಂದೆಯೇ ಇರುತ್ತದೆ.

ಕಾಪಬ್ಲಾಂಕಾ 12ನೇ ನಡೆಯಲ್ಲಿ ಕಾಲಾಳನ್ನು ಎ4ಗೆ ನೂಕುತ್ತಾರೆ. ಯಾವ ಕಾಯಿಗೂ ಬೆದರಿಕೆಯಿಲ್ಲ. ಇನ್ನೊಂದು ನಡೆ ಸಿಕ್ಕರೆ? ಎ5. ಆಗ ಆ ಒಂಟಿ ಕಾಲಾಳು ಕಪ್ಪಿನ ಬಿ6ರ ಮೇಲೆ ಬಿದ್ದು ತನ್ನ ದೌರ್ಬಲ್ಯವನ್ನೂ ನೀಗಿಕೊಂಡು, ಹಿಂದಿರುವ ಆನೆಗೂ ದಾರಿ ಬಿಡಿಸುತ್ತದೆ. ನಾಲ್ಕು ನಡೆಗಳ ನಂತರ ಕಪ್ಪು ಕುದುರೆ ಎ5ಗೆ ಹೋಗಿ ಕುಳಿತು ಆ ದಾರಿಯನ್ನೇ ಮುಚ್ಚುತ್ತದೆ. ಇಷ್ಟಾದ ಮೇಲೆ ಎ4 ಸಪ್ಪೆ ನಡೆ ಎನ್ನುವ ಮನಸ್ಸು ಬರುವುದಿಲ್ಲ.

ಆಟ ತಿರುಗಿದ ಕ್ಷಣವನ್ನು ಗುರುತಿಸುವುದು ಹೇಗೆ?

ಹಿಂತೆಗೆದುಕೊಳ್ಳಲಾಗದ ನಡೆಗಳ ಬಳಿ ನಿಲ್ಲಿ: ಕಾಲಾಳುಗಳು ಒಂದನ್ನೊಂದು ಹೊಡೆದಾಗ, ರಾಣಿಗಳು ಬದಲಾದಾಗ, ಒಂಟೆಗೆ ಕುದುರೆ ಕೊಟ್ಟಾಗ, ಕ್ಯಾಸ್ಲಿಂಗ್ ಆದಾಗ. ಇಂತಹವು ಒಂದು ಆಟದಲ್ಲಿ ಐದಾರು ಇರುತ್ತವೆ. ಉಳಿದ ನಡೆಗಳಲ್ಲಿ ಹೆಚ್ಚಿನವು ಇವುಗಳ ತಯಾರಿ ಅಥವಾ ಪರಿಣಾಮ.

ನಮ್ಮ ಆಟದಲ್ಲಿ ಅಂತಹ ಜಾಗ 23ನೇ ನಡೆ. ಟಾರ್ಟಕೋವರ್ ಡಿ5 ಆಡಿದರು. ಕಾಲಾಳುಗಳು ಬದಲಾದವು, ಇ ಸಾಲು ತೆರೆಯಿತು, ರಾಣಿಗಳೂ ಒಂದು ಜೊತೆ ಆನೆಗಳೂ ಬೋರ್ಡಿನಿಂದ ಇಳಿದವು. ಉಳಿದದ್ದು ಎರಡೂ ಕಡೆ ಒಂದು ಆನೆ, ಆರು ಕಾಲಾಳು, ಬಿಳಿಗೆ ಒಂದು ಒಂಟೆ, ಕಪ್ಪಿಗೆ ಒಂದು ಕುದುರೆ. ಟಾರ್ಟಕೋವರ್ ಲೆಕ್ಕ ಸುಲಭವಾಗಿ ಓದಬಹುದು: ಕುದುರೆಗೆ ಸಿ4 ಭದ್ರವಾದ ಮನೆ, ಆನೆ ಸಿ6ಕ್ಕೆ ಬಂದರೆ ಸಿ3ರ ಕಾಲಾಳು ಬೀಳುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಕಾಲಾಳು ನಿಜವಾಗಿಯೂ ಬಿತ್ತು. ಅವರು ಸರಿಯಾಗಿ ತೂಗದೇ ಹೋದದ್ದು ಬೋರ್ಡಿನ ಇನ್ನೊಂದು ಬದಿಯನ್ನು. ಅಲ್ಲಿ ಬಿಳಿಯ ಎಚ್ ಕಾಲಾಳು ಒಂದೇ ಹೆಜ್ಜೆಯಲ್ಲಿ ಸಾಲು ತೆರೆದು ಆನೆಗೆ ಎಚ್7ರ ಬಾಗಿಲು ತೋರಿಸಲಿತ್ತು.

ಗ್ರ್ಯಾಂಡ್‌ಮಾಸ್ಟರ್‌ಗಳು ಹತ್ತಾರು ನಡೆ ಮುಂದೆ ನೋಡುತ್ತಾರಂತೆ. ನಾನೂ ಅಷ್ಟು ನೋಡಬೇಕೇ?

ಬೇಡ. ದೂರ ನೋಡಲು ಸಾಧ್ಯವಾಗುವುದು ಒತ್ತಾಯದ ದಾರಿಗಳಲ್ಲಿ ಮಾತ್ರ, ಅಂದರೆ ಚೆಕ್, ಹೊಡೆತ, ನೇರ ಬೆದರಿಕೆ. ಅಂತಹವು ಎದುರಾದಾಗ ಲೆಕ್ಕ ಹಾಕಿ. ಉಳಿದಂತೆ ಮೂರು ನಡೆ ಸ್ಪಷ್ಟವಾಗಿ ಕಂಡರೆ ಸಾಕು.

ಲೆಕ್ಕ ಹಾಕುವಾಗ ಹೆಚ್ಚಿನವರು ಗೆದ್ದವರ ನಡೆಗಳನ್ನಷ್ಟೇ ಹಿಡಿದು ಹೋಗುತ್ತಾರೆ. ಸೋತವರಿಗೆ ಇದ್ದ ಬೇರೆ ದಾರಿಯನ್ನು ಕೇಳುವುದಿಲ್ಲ. 1999ರಲ್ಲಿ ವೈಕ್ ಆನ್ ಝೀ ಟೂರ್ನಿಯಲ್ಲಿ ಕಾಸ್ಪರೋವ್ 24ನೇ ನಡೆಯಲ್ಲಿ ಡಿ4ರಲ್ಲಿ ಆನೆಯನ್ನು ಬಲಿಕೊಟ್ಟು, ಟೊಪಾಲೋವ್ ಅವರ ರಾಜನನ್ನು ಬಿಳಿಯ ಮೊದಲ ಅಡ್ಡಸಾಲಿನವರೆಗೆ ಓಡಿಸಿದ ಆಟ ಎಲ್ಲರಿಗೂ ಗೊತ್ತು. ಟೊಪಾಲೋವ್ ಆನೆಯನ್ನು ಮುಟ್ಟದೆ ರಾಜನನ್ನು ಬಿ6ಕ್ಕೆ ಸರಿಸಿದ್ದರೆ ಆ ಓಟವೇ ಇರುತ್ತಿರಲಿಲ್ಲ ಎಂಬುದು ಅಷ್ಟು ಜನರಿಗೆ ಗೊತ್ತಿಲ್ಲ. ಆಟದ ಸೊಬಗು ಇದರಿಂದ ಕಡಿಮೆಯಾಗುವುದಿಲ್ಲ. ವಿಶ್ಲೇಷಣೆ ಮಾತ್ರ ಅದನ್ನು ನೋಡದೆ ಪೂರ್ಣವಾಗುವುದಿಲ್ಲ.

## ಎಂಡ್‌ಗೇಮ್

ಕಾಯಿಗಳೇ ಉಳಿದಿಲ್ಲ, ಎಂಡ್‌ಗೇಮ್‌ನಲ್ಲಿ ನೋಡಲು ಏನಿದೆ?

ನನಗೆ ಕೇಳಿದರೆ ಆಟದ ಸವಿಯೆಲ್ಲ ಅಲ್ಲೇ ಇದೆ. ಕಾಯಿ ಕಡಿಮೆಯಾದಷ್ಟೂ ಒಂದೊಂದು ನಡೆಯ ಬೆಲೆ ಏರುತ್ತದೆ, ಅಲ್ಲಿಯವರೆಗೆ ಮೂಲೆಯಲ್ಲಿ ಅಡಗಿದ್ದ ರಾಜ ಹೋರಾಟಕ್ಕೆ ಇಳಿಯುತ್ತಾನೆ.

ಕಾಪಬ್ಲಾಂಕಾ–ಟಾರ್ಟಕೋವರ್ ಆಟದ 34ನೇ ನಡೆಯ ನಂತರದ ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿ. ಬಿಳಿ: ರಾಜ ಎಫ್3, ಆನೆ ಎಚ್7, ಕಾಲಾಳುಗಳು ಎ4, ಸಿ3, ಡಿ4, ಎಫ್4, ಜಿ5. ಕಪ್ಪು: ರಾಜ ಎಫ್8, ಆನೆ ಸಿ6, ಕಾಲಾಳುಗಳು ಎ7, ಬಿ6, ಸಿ7, ಡಿ5, ಎಫ್5. ಸಿ3 ಬೀಳುವ ಹಾಗಿದೆ. ಈಗ ಮುಂದೆ ಓದದೆ ಹತ್ತು ನಿಮಿಷ ಯೋಚಿಸಿ. ನಮ್ಮಂಥವರ ಕೈ ಸಿ3ನ್ನು ಉಳಿಸಲು ಹೋಗುತ್ತದೆ. ಆದರೆ ಅದಕ್ಕೆ ಏಳನೇ ಅಡ್ಡಸಾಲಿನಲ್ಲಿ ಕೂತು ಕಪ್ಪು ರಾಜನನ್ನು ಕಟ್ಟಿಹಾಕಿರುವ ಆನೆಯನ್ನು ಕಾವಲಿಗೆ ಕರೆಸಬೇಕು.

ಕಾಪಬ್ಲಾಂಕಾ ರಾಜನನ್ನು ಜಿ3ಗೆ ಸರಿಸಿದರು. ಕಪ್ಪು ಆನೆ ಸಿ3ನ್ನು ಚೆಕ್ ಕೊಟ್ಟುಕೊಂಡೇ ಹೊಡೆಯಿತು. ರಾಜ ಎಚ್4ಗೆ ಹೋದ. ಆನೆ ಎಫ್3ಕ್ಕೆ ಬಂದು ಎಫ್4ರ ಮೇಲೆ ಕಣ್ಣಿಟ್ಟಿತು. ಕಾಲಾಳು ಜಿ6ಕ್ಕೆ ನಡೆದು ರಾಜನಿಗೆ ದಾರಿ ಬಿಟ್ಟಿತು. ಎಫ್4 ಕೂಡ ಚೆಕ್‌ನೊಂದಿಗೇ ಹೋಯಿತು. ಈಗ ಕಪ್ಪಿಗೆ ಎರಡು ಕಾಲಾಳು ಹೆಚ್ಚು. ಬಿಳಿಯ ರಾಜ ಜಿ5, ಅಲ್ಲಿಂದ ಎಫ್6. ದಾರಿಯಲ್ಲಿ ಎಫ್5ರ ಕಾಲಾಳು ಪುಕ್ಕಟೆಯಾಗಿ ಸಿಗುತ್ತಿತ್ತು, ಆದರೂ ಮುಟ್ಟಲಿಲ್ಲ. ಆ ಕಪ್ಪು ಕಾಲಾಳು ಅಲ್ಲಿದ್ದಷ್ಟೂ ಎಫ್ ಸಾಲಿನಲ್ಲಿ ಬಿಳಿ ರಾಜನಿಗೆ ಚೆಕ್ ಕೊಡಲಾಗದು, ಶತ್ರುವಿನ ಸೈನಿಕನೇ ರಾಜನಿಗೆ ಕೊಡೆ ಹಿಡಿದಂತಾಯಿತು. ಎಚ್8ರಲ್ಲಿ ಆನೆಯಿಂದ ಚೆಕ್‌ಮೇಟ್ ಎಂಬ ಬೆದರಿಕೆ ಎದ್ದು ನಿಂತಿತು, ಕಪ್ಪು ರಾಜ ಮೂಲೆ ಸೇರಿದ. ಮುಂದಿನ ಎಂಟು ನಡೆಗಳಲ್ಲಿ ಬಿಳಿಯು ಸಿ7, ಎಫ್5, ಎ7, ಡಿ5 ಎಂದು ನಾಲ್ಕು ಕಾಲಾಳುಗಳನ್ನು ಆರಿಸಿಕೊಂಡಿತು.

ಆನೆಗಳ ಎಂಡ್‌ಗೇಮ್‌ನಲ್ಲಿ ಕಾಲಾಳುಗಳ ಎಣಿಕೆಗಿಂತ ರಾಜ ಮತ್ತು ಆನೆ ಎಷ್ಟು ಚುರುಕಾಗಿವೆ ಎಂಬುದು ದೊಡ್ಡದು. ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಇಲ್ಲಿ ಅದನ್ನು ನಡೆ ನಡೆಯಾಗಿ ನೋಡಬಹುದು.

ಇನ್ನೂ ಆಡಬಹುದಿತ್ತಲ್ಲ, ಸೋಲೊಪ್ಪಿದ್ದು ಯಾಕೆ?

ಈ ಪ್ರಶ್ನೆಗೆ ಉತ್ತರ ಓದಬೇಡಿ, ಆಡಿ ನೋಡಿ. ಸೋಲೊಪ್ಪಿದ ಸ್ಥಿತಿಯನ್ನು ಜೋಡಿಸಿ, ಗೆದ್ದವರ ಕಡೆ ನೀವು ಕುಳಿತು ಸ್ನೇಹಿತರನ್ನೋ ಕಂಪ್ಯೂಟರನ್ನೋ ಎದುರಿಗೆ ಕೂರಿಸಿ. ಟಾರ್ಟಕೋವರ್ 52ನೇ ನಡೆಗೆ ಕೈಚೆಲ್ಲಿದಾಗ ಬಿಳಿಯ ಬಳಿ ಇದ್ದದ್ದು ರಾಜ, ಆನೆ, ಜಿ7 ಮತ್ತು ಡಿ6ರ ಕಾಲಾಳುಗಳು. ಕಪ್ಪಿನ ಬಳಿ ರಾಜ, ಆನೆ, ಒಂದು ಕಾಲಾಳು. ಡಿ ಕಾಲಾಳು ರಾಣಿಯಾಗುವುದನ್ನು ತಡೆಯಲಾಗದು. ಆದರೆ ಅದನ್ನು ನೀವು ಸಾಧಿಸಿ ತೋರಿಸಬೇಕು.

## ಎಂಜಿನ್ ಮತ್ತು ತಪ್ಪುಗಳು

ಎಂಜಿನ್ ಕ್ಷಣದಲ್ಲಿ ಉತ್ತರ ಹೇಳುವಾಗ ನಾನೇಕೆ ತಲೆ ಕೆಡಿಸಿಕೊಳ್ಳಲಿ?

ಎಂಜಿನ್, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಹೇಳುವುದು ಒಂದು ಅಂಕಿ ಮತ್ತು ಒಂದು ನಡೆ. ಸ್ಟಾಕ್‌ಫಿಶ್ ಎಂಬ ಎಂಜಿನ್ ಪರದೆಯ ಮೇಲೆ ಅಧಿಕ 1 ಎಂದು ತೋರಿಸಿದರೆ ಬಿಳಿಗೆ ಸ್ಪಷ್ಟ ಮೇಲುಗೈ, ಋಣ ಚಿಹ್ನೆ ಬಂದರೆ ಕಪ್ಪಿಗೆ. ಏಕೆ ಮೇಲುಗೈ ಎಂಬುದು ಅದರ ಬಾಯಲ್ಲಿ ಬರುವುದಿಲ್ಲ, ಮುಂದಿನ ಸಲ ಬೋರ್ಡಿನ ಮುಂದೆ ಕೂತಾಗ ನಿಮಗೆ ಬೇಕಾಗುವುದು ಆ ಏಕೆಯೇ.

ಮೊದಲು ನಿಮ್ಮ ಅಭಿಪ್ರಾಯವನ್ನು ಬರೆದಿಡಿ. ಎಂಜಿನ್ ತೆರೆಯುವುದು ಅನಂತರ, ಅದೂ ಸಂಶಯವಿದ್ದ ಜಾಗಗಳಲ್ಲಿ ಮಾತ್ರ. ಅದು ನಿಮ್ಮ ನಡೆಯನ್ನು ತಪ್ಪು ಎಂದರೆ ಒಪ್ಪಿಕೊಂಡು ಮುಂದೆ ಹೋಗಬೇಡಿ. ನಿಮ್ಮ ನಡೆಯನ್ನೇ ಆಡಿ, ಅದು ಹೇಗೆ ದಂಡಿಸುತ್ತದೆ ನೋಡಿ. ದಂಡನೆ ಎರಡೇ ನಡೆಯಲ್ಲಿ ಬಂದರೆ ಅದು ನೀವು ಕಾಣಬೇಕಿದ್ದ ತಪ್ಪು. ಹದಿನೈದನೇ ನಡೆಯಲ್ಲಿ ಬಂದರೆ ಮರೆತುಬಿಡಿ.

ವಿಶ್ವ ಚಾಂಪಿಯನ್ ಆಡಿದ ನಡೆಗೂ ಎಂಜಿನ್ ಕೆಂಪು ಗುರುತು ಹಾಕುತ್ತದೆ. ಅವರೂ ಇಷ್ಟು ದೊಡ್ಡ ತಪ್ಪು ಮಾಡುತ್ತಾರೆಯೇ?

ಮಾಡುತ್ತಾರೆ. 2014ರಲ್ಲಿ ಸೋಚಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟದಲ್ಲಿ ಕಾರ್ಲ್‌ಸನ್ 26ನೇ ನಡೆಗೆ ರಾಜನನ್ನು ಡಿ2ಗೆ ಸರಿಸಿದರು. ಆನಂದ್ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆದಿದ್ದರೆ ಆಟ ಅವರ ಕೈಗೆ ಬರುತ್ತಿತ್ತು. ಅವರು ಎ4 ಆಡಿ, ಕೊನೆಗೆ ಸೋತರು. ಇಬ್ಬರೂ ಒಂದೇ ಮನೆಯನ್ನು ನೋಡದೇ ಹೋದರು. ಎದುರಾಳಿ ಕಾರ್ಲ್‌ಸನ್ ಆಗಿರುವಾಗ ಅವರ ನಡೆಯಲ್ಲಿ ಅಂತಹ ತೂತು ಇರಬಹುದೆಂದು ಹುಡುಕುವ ಮನಸ್ಸೇ ಬರುವುದಿಲ್ಲ ಎಂಬುದು ನನ್ನ ಊಹೆ.

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಮತ್ತು ಗುಕೇಶ್ ನಡುವಿನ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಆಟ ಇನ್ನೂ ಕ್ರೂರ. ಡಿಂಗ್ ಲಿರೆನ್ ಡ್ರಾ ಮಾಡಿಕೊಳ್ಳಬಹುದಾಗಿದ್ದ ಸ್ಥಿತಿಯಲ್ಲಿ 55ನೇ ನಡೆಗೆ ಆನೆಯನ್ನು ಎಫ್2ಗೆ ತಂದು ವಿನಿಮಯಕ್ಕೆ ಒಡ್ಡಿದರು. ಅವರ ಒಂಟೆ ಎ8ರ ಮೂಲೆಯಲ್ಲಿತ್ತು. ಗುಕೇಶ್ ಆನೆಗಳನ್ನು ಬದಲಿಸಿ ತಮ್ಮ ಒಂಟೆಯನ್ನು ಡಿ5ಕ್ಕೆ ತಂದರು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಅದೂ ಬದಲಾಗಲೇಬೇಕು. ಉಳಿಯುವುದು ರಾಜ ಮತ್ತು ಕಾಲಾಳುಗಳ ಆಟ, ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಅಂತಹ ತಪ್ಪನ್ನು ಕಂಡಾಗ ನಕ್ಕು ಬಿಡದೆ, ಯಾವ ಆಸೆಯಿಂದ ಆ ನಡೆ ಬಂತು ಎಂದು ಕೇಳಿ. ಕಾಯಿಗಳನ್ನು ಕಡಿಮೆ ಮಾಡಿದರೆ ಡ್ರಾ ಹತ್ತಿರವಾಗುತ್ತದೆ ಎಂಬ ಸಾಮಾನ್ಯ ನಂಬಿಕೆ ಅಲ್ಲಿ ಕೈಕೊಟ್ಟಿತು.

ಕಾಯಿ ಕಡಿಮೆಯಾದರೆ ಕಂಪ್ಯೂಟರ್‌ಗೆ ಎಲ್ಲವೂ ಗೊತ್ತಂತೆ, ನಿಜವೇ?

ರಾಜರೂ ಸೇರಿ ಬೋರ್ಡಿನ ಮೇಲೆ ಏಳು ಕಾಯಿ ಉಳಿದರೆ, ನಿಜ. ಟೇಬಲ್‌ಬೇಸ್ ಎಂಬ ಸಂಗ್ರಹದಲ್ಲಿ ಅಂತಹ ಸ್ಥಿತಿಗಳ ಫಲಿತಾಂಶವನ್ನು ಪೂರ್ತಿ ಲೆಕ್ಕ ಹಾಕಿ ಇಡಲಾಗಿದೆ. ಅಲ್ಲಿ ಊಹೆಗೆ ಜಾಗವಿಲ್ಲ: ಗೆಲುವು, ಸೋಲು, ಡ್ರಾ, ಮೂರರಲ್ಲಿ ಒಂದು.

ಆದರೆ ಟೇಬಲ್‌ಬೇಸ್ ಡ್ರಾ ಎಂದ ಮಾತ್ರಕ್ಕೆ ಮನುಷ್ಯರ ನಡುವೆ ಡ್ರಾ ಆಗಬೇಕೆಂದಿಲ್ಲ. 2021ರಲ್ಲಿ ದುಬೈನಲ್ಲಿ ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ ನಡುವಿನ ಆರನೇ ಆಟ 136 ನಡೆಗಳವರೆಗೆ ಹೋಯಿತು, ವಿಶ್ವ ಚಾಂಪಿಯನ್‌ಷಿಪ್ ಚರಿತ್ರೆಯಲ್ಲೇ ಅತಿ ಉದ್ದದ ಆಟ. ಕೊನೆಗೆ ಕಾರ್ಲ್‌ಸನ್ ಬಳಿ ಆನೆ, ಕುದುರೆ, ಎರಡು ಕಾಲಾಳು. ಎದುರಿಗೆ ಒಬ್ಬಳೇ ರಾಣಿ. ಕಾಗದದ ಮೇಲೆ ಉಳಿಸಿಕೊಳ್ಳಬಹುದಾಗಿದ್ದ ಸ್ಥಿತಿ, ಏಳು ಗಂಟೆ ದಾಟಿ ದಣಿದ ಮನುಷ್ಯನಿಗೆ ಉಳಿಸಿಕೊಳ್ಳಲಾಗಲಿಲ್ಲ. ವಿಶ್ಲೇಷಣೆಯಲ್ಲಿ ಎರಡನ್ನೂ ಬರೆಯಿರಿ: ಸತ್ಯ ಏನು, ಆಡಲು ಯಾವ ಕಡೆ ಕಷ್ಟ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಒಮ್ಮೆ ನೋಡಿ ಮುಗಿಸಿದ ಆಟವನ್ನು ಮತ್ತೆ ನೋಡುವುದರಲ್ಲಿ ಅರ್ಥವಿದೆಯೇ?

ಇದೆ, ಕೊನೆಯಿಂದ ಮೊದಲಿನ ಕಡೆಗೆ ನೋಡಿದರೆ. ಕೊನೆಯ ಸ್ಥಿತಿಯಿಂದ ಹೊರಟು, ಇದು ಸಾಧ್ಯವಾಗಲು ಇದಕ್ಕಿಂತ ಮೊದಲು ಏನು ಆಗಿರಬೇಕಿತ್ತು ಎಂದು ಕೇಳುತ್ತಾ ಬನ್ನಿ. ಕಾಪಬ್ಲಾಂಕಾ ಅವರ ರಾಜ ಎಫ್6 ತಲುಪಿದ್ದು ಜಿ ಕಾಲಾಳು ಮುಂದೆ ಹೋದದ್ದರಿಂದ. ಅದು ಹೋಗಲು ಸಾಧ್ಯವಾದದ್ದು ಎಚ್ ಕಾಲಾಳು ಕಪ್ಪಿನ ಎಚ್ ಕಾಲಾಳನ್ನು ಎಳೆದುಕೊಂಡು ಮೊದಲೇ ಹೋಗಿದ್ದರಿಂದ. ಕಪ್ಪು ಆನೆ ಅತ್ತ ಸಿ3ರ ಬೆನ್ನು ಹತ್ತಿ ಹೋಗಿತ್ತು, ಸಿ3ರ ದೌರ್ಬಲ್ಯ ಹುಟ್ಟಿದ್ದು 11ನೇ ನಡೆಯಲ್ಲಿ. ಎಂಡ್‌ಗೇಮ್‌ನ ಬೇರು ಓಪನಿಂಗ್‌ನಲ್ಲಿ ಇದೆ ಎಂಬುದನ್ನು ಹೀಗೆ ಕೈಯಿಟ್ಟು ತೋರಿಸಬಹುದು.

ಟಿಪ್ಪಣಿಯಲ್ಲಿ ಏನು ಬರೆಯಬೇಕು? ನಾನು ಬರೆದರೆ ಬರೀ ನಡೆಗಳ ಪಟ್ಟಿಯಾಗುತ್ತದೆ.

ನಡೆಗಳನ್ನು ಕಡಿಮೆ ಮಾಡಿ, ವಾಕ್ಯಗಳನ್ನು ಹೆಚ್ಚಿಸಿ. ಐದಾರು ತಿರುವುಗಳಲ್ಲಿ ಮಾತ್ರ ನಿಂತು, ಯಾರಿಗೆ ಏನು ಬೇಕಿತ್ತು, ಯಾವ ನಡೆ ಅದಕ್ಕೆ ಅಡ್ಡ ಬಂತು, ನೀವಾಗಿದ್ದರೆ ಏನು ಆಡುತ್ತಿದ್ದಿರಿ ಎಂದು ಬರೆಯಿರಿ. ಕಾಪಬ್ಲಾಂಕಾ ಅವರ 35ನೇ ನಡೆಗೆ ನನ್ನ ಟಿಪ್ಪಣಿ ಇಷ್ಟೇ: ‘ಸಿ3 ಬೇಡ, ಎಫ್6 ಬೇಕು. ಆನೆ ಕದಲಬಾರದು. ಎಷ್ಟು ಚೆಕ್ ಬಂದರೂ ರಾಜನಿಗೆ ಎಚ್4 ಇದೆಯೇ? ಇದೆ.’

ಬರೆದದ್ದನ್ನು ನಿಮಗಿಂತ ಬಲ್ಲವರಿಗೆ ತೋರಿಸಿ. ಹಿಂದೆ ವಿಶ್ವ ಚಾಂಪಿಯನ್ ಆಗಿದ್ದ ಬೋಟ್ವಿನಿಕ್ ತಮ್ಮ ವಿಶ್ಲೇಷಣೆಗಳನ್ನು ಪ್ರಕಟಿಸುವುದಕ್ಕೆ ಬಹಳ ಒತ್ತು ಕೊಡುತ್ತಿದ್ದರು, ನಾಲ್ಕು ಜನ ತಪ್ಪು ಹುಡುಕುತ್ತಾರೆ ಎಂಬ ಅರಿವು ಬರೆಯುವವರನ್ನು ಎಚ್ಚರದಲ್ಲಿಡುತ್ತದೆ.

ತಿಂಗಳುಗಟ್ಟಲೆ ಆಟ ನೋಡಿದೆ. ರೇಟಿಂಗ್ ಮಾತ್ರ ಇದ್ದಲ್ಲೇ ಇದೆ. ಎಲ್ಲಿ ಎಡವುತ್ತಿದ್ದೇನೆ?

ಬಹುಶಃ ನೀವು ಓದುಗರಾಗಿ ಕುಳಿತಿದ್ದೀರಿ, ಆಟಗಾರರಾಗಿ ಅಲ್ಲ. ಗೆದ್ದವರ ಕಡೆ ಬೋರ್ಡ್ ತಿರುಗಿಸಿ, ಮುಂದಿನ ನಡೆಯನ್ನು ಮುಚ್ಚಿಟ್ಟು, ಪ್ರತಿ ಸಲವೂ ನಿಮ್ಮ ನಡೆಯನ್ನು ಬರೆದ ಮೇಲೆಯೇ ಅವರದನ್ನು ತೆರೆಯಿರಿ. ಸರಿ ಬಂದವುಗಳನ್ನು ಎಣಿಸುವುದಕ್ಕಿಂತ ತಪ್ಪಿದವು ಯಾವ ಜಾತಿಯವು ಎಂದು ನೋಡಿ. ಕಾಯಿ ಹೊಡೆಯುವ ಅವಕಾಶ ಕಂಡಲ್ಲೆಲ್ಲ ಕೈ ಅತ್ತ ಹೋಗುತ್ತಿದೆಯೇ? ರಾಜನನ್ನು ಹೊರಗೆ ತರಲು ಹೆದರುತ್ತಿದ್ದೀರಾ? ಎದುರಾಳಿಯ ಬೆದರಿಕೆಯೇ ಕಾಣುತ್ತಿಲ್ಲವೇ?

ಮುಂದಿನ ಆಟವನ್ನು ಆ ದೌರ್ಬಲ್ಯಕ್ಕೆ ತಕ್ಕಂತೆ ಆರಿಸಿ. ರಾಜನನ್ನು ಹೊರತರಲು ಹೆದರುವವರಿಗೆ ಆನೆಗಳ ಎಂಡ್‌ಗೇಮ್ ಇರುವ ಆಟ, ಬೆದರಿಕೆ ಕಾಣದವರಿಗೆ, ಬೆದರಿಕೆಗಳನ್ನು ಮೊದಲೇ ತಡೆಯುವುದರಲ್ಲಿ ಹೆಸರಾದ ಮಾಜಿ ವಿಶ್ವ ಚಾಂಪಿಯನ್ ಪೆಟ್ರೋಸ್ಯಾನ್ ಅವರ ಯಾವುದಾದರೂ ಆಟ.